ಉಮ್ಮನಿಗೆ ಸಬ್‌ಟೈಟಲ್ ಬೇಡ

ಮಳೆಗಾಲದಲ್ಲಿ ಹೇಮಾವತಿ ಅಣೆಕಟ್ಟಿನ ಗೇಟು ತೆಗೆದರೆ ಹಾಸನ, ಹೊಳೆನರಸೀಪುರ, ಅರಕಲಗೂಡು ಕಡೆಯ ಜನವೆಲ್ಲ ಗೊರೂರಿಗೆ ಬರುತ್ತಾರೆ. ನೀರು ಧುಮುಕುವುದನ್ನು ನೋಡಿ, ಸುಟ್ಟ ಜೋಳ ತಿಂದು, ಸೆಲ್ಫಿ ತೆಗೆದು ಹೋಗುತ್ತಾರೆ. ಇಲ್ಲೇ ಇರುವ ನಮಗೆ ಅದು ಹಳತು. ಆ ಹೊತ್ತಿಗೆ ನಾವು ಬಾಗಿಲು ಹಾಕಿಕೊಂಡು ಸಿನಿಮಾ ನೋಡುತ್ತಿರುತ್ತೇವೆ.

ನಾವೆಂದರೆ ಗಂಡ, ಹೆಂಡತಿ, ಪಿಯುಸಿ ಓದುವ ಮಗಳು, ಹೈಸ್ಕೂಲಿನ ಮಗ ಮತ್ತು ಉಮ್ಮ. ವ್ಯಾಪಾರಕ್ಕೆಂದು ಘಟ್ಟ ಹತ್ತಿ ಬಂದು ಇಲ್ಲೇ ಉಳಿದ ಬ್ಯಾರಿಗಳು. ಉಮ್ಮ ಈಗಲೂ ‘ಎಂತದಾ ಅದು’ ಎಂದೇ ಕೇಳುವುದು. ಮೊಮ್ಮಗ ‘ಏನಿಲ್ಲ ಕಣಜ್ಜಿ’ ಎಂದು ಹಾಸನದ ಕನ್ನಡದಲ್ಲಿ ಉತ್ತರಿಸುತ್ತಾನೆ. ಬ್ಯಾರಿ ಬಾಸೆ ಅವನಿಗೆ ಅರ್ಥವಾಗುತ್ತದೆ, ಬಾಯಿಗೆ ಬರುವುದಿಲ್ಲ. ಘಟ್ಟದ ಮೇಲಿರುವ ನಿಮ್ಮಲ್ಲಿ ಹಲವರ ಮನೆಯ ಕತೆಯೂ ಇದೇ ಇರಬಹುದು.

ಥಿಯೇಟರಿಗೆ ಹೋಗುವುದು ಕಡಿಮೆ. ಹಾಸನಕ್ಕೆ 20 ಕಿ.ಮೀ.ಗೂ ಮೇಲೆ. ಐದು ಜನರ ಟಿಕೆಟ್, ಬಸ್ಸು, ಮಗನ ಪಾಪ್‌ಕಾರ್ನ್ ಎಲ್ಲ ಸೇರಿದರೆ ಒಂದು ವಾರದ ಮೀನಿನ ದುಡ್ಡು ಹೋಯಿತು. 2025ರ ಸೆಪ್ಟೆಂಬರಿನಲ್ಲಿ ಸರಕಾರ ಟಿಕೆಟ್ಟಿಗೆ 200 ರೂಪಾಯಿಯ ಮಿತಿ ಹಾಕಿದಾಗ ಖುಷಿಪಟ್ಟೆವು. ಅದೇ ತಿಂಗಳು ಹೈಕೋರ್ಟಿನ ತಡೆಯೂ ಬಂತು. ಹಾಗಾಗಿ ನಮ್ಮದು ಹೆಚ್ಚಾಗಿ ಟಿ.ವಿ. ಮತ್ತು ಫೋನು.

ಆದರೂ ‘ಸು ಫ್ರಮ್ ಸೋ’ಗೆ ಎಲ್ಲರೂ ಹೋದೆವು. ಜೆ.ಪಿ. ತುಮಿನಾಡು ಅವರ ಈ ಸಿನಿಮಾ 2025ರ ಜುಲೈಯಲ್ಲಿ ಬಂದಾಗ ಊರಿನವರೆಲ್ಲ ಅದರದ್ದೇ ಮಾತು. ಸೋಮೇಶ್ವರದ ಸುಲೋಚನಾ ಎಂದು ಕೇಳಿದ್ದೇ ತಡ, ಉಮ್ಮ ಸೀಟಿನಲ್ಲಿ ನೆಟ್ಟಗಾದರು. ಸೋಮೇಶ್ವರ ಎಂದರೆ ಉಳ್ಳಾಲದ ಮಗ್ಗುಲು, ಅಲ್ಲಿ ನಮ್ಮ ಸಂಬಂಧಿಕರು ಇದ್ದಾರೆ. ಕರಾವಳಿ ಕನ್ನಡ ಕೇಳಿ ಉಮ್ಮ ನಕ್ಕಷ್ಟು ಮಕ್ಕಳೂ ನಗಲಿಲ್ಲ. ಹೊರಗೆ ಬಂದ ಮೇಲೆ, ‘ಎಲ್ಲ ನಮ್ಮ ಕಡೆಯವರೇ. ನಮ್ಮ ಮನೆಯ ಒಳಗೆ ಮಾತ್ರ ಕತೆ ಬರಲಿಲ್ಲ ಮಾರಾಯ’ ಎಂದರು. ದೂರು ಹೇಳಿದ್ದಲ್ಲ, ಹಾಗೇ ಹೇಳಿದ್ದು. ನಮ್ಮ ಮಗಳು ಅದನ್ನು ಹಿಡಿದುಕೊಂಡಳು.

‘ಕಾಂತಾರ: ಚಾಪ್ಟರ್ 1’ರ ಬಗ್ಗೆ ಹೇಳುವುದು ಹೆಚ್ಚಿಲ್ಲ. ಕಾಡು ಚಂದ, ಸದ್ದು ಜಾಸ್ತಿ. ಮಗನಿಗೆ ತುಂಬ ಇಷ್ಟ.

ಮಗಳು ಹಿಡಿದುಕೊಂಡ ಮಾತಿಗೆ ಬರೋಣ. ‘ನಮ್ಮ ಬಾಸೆಯಲ್ಲಿ ಸಿನಿಮಾವೇ ಇಲ್ಲವಾ ಬಾಪ?’ ಎಂದಳು. ಇದೆ ಎಂದೆವು. ‘ಬ್ಯಾರಿ’, 2011ರದ್ದು, ನಮ್ಮ ಬಾಸೆಯ ಮೊದಲ ಸಿನಿಮಾ, ನಿರ್ದೇಶಕರು ಕೆ.ಪಿ. ಸುವೀರನ್. ಮರಾಠಿಯ ‘ದೇವೂಳ್’ ಜೊತೆ ರಾಷ್ಟ್ರಮಟ್ಟದ ಸ್ವರ್ಣಕಮಲ ಹಂಚಿಕೊಂಡ ಚಿತ್ರ. ಇಷ್ಟು ದೊಡ್ಡ ಪ್ರಶಸ್ತಿ ಬಂದ ಸಿನಿಮಾವನ್ನು ನಾವೂ ಪೂರ್ತಿ ನೋಡಿರಲಿಲ್ಲ ಎಂದು ಒಪ್ಪಿಕೊಳ್ಳಬೇಕು. ಒಂದು ರಾತ್ರಿ ಎಲ್ಲರೂ ಕೂತು ನೋಡಿದೆವು. ನಾದಿರಾ ಎಂಬ ಹುಡುಗಿ; ಅಪ್ಪನ ಹಟಕ್ಕೆ ತಲಾಖ್ ಆಗುತ್ತದೆ; ಗಂಡನ ಬಳಿಗೆ ಮರಳಬೇಕೆಂದರೆ ನಡುವೆ ಇನ್ನೊಬ್ಬನ ಜೊತೆ ಒಂದು ರಾತ್ರಿಯ ನಿಕಾಹ್. ಮುಗಿದಾಗ ಯಾರೂ ಮಾತಾಡಲಿಲ್ಲ.

ಆಮೇಲೆ ಜಗಳ ಶುರುವಾಯಿತು. ನಮ್ಮಿಬ್ಬರಲ್ಲಿ ಒಬ್ಬರದ್ದು ಒಂದೇ ಪ್ರಶ್ನೆ: ಮೊದಲ ಸಿನಿಮಾಕ್ಕೂ ತಲಾಖೇ ಬೇಕಿತ್ತಾ? ಬಂದರಿನ ಮಂಡಿ, ಗಲ್ಫಿಗೆ ಹೋದ ಮಗ, ಮದುವೆ ಮನೆಯ ಹಾಡು, ಇದ್ಯಾವುದೂ ಕತೆ ಅಲ್ಲವಾ? ನಮ್ಮನ್ನು ನೋಡಲು ಹೊರಗಿನವರಿಗೆ ಈ ಒಂದೇ ಕಿಟಕಿಯಾ? ಮಗಳು ಬಿಡಲಿಲ್ಲ. ‘ಹೊರಗಿನವರು ಅಂತ ಯಾಕೆ ಹೇಳುವುದು? ಇದು ತನ್ನ ಕಾದಂಬರಿಯ ಕತೆ ಎಂದು ಸಾರಾ ಅಬೂಬಕ್ಕರ್ ಕೋರ್ಟಿಗೇ ಹೋಗಿದ್ದರಲ್ಲ, ಅವರು ಕಾಸರಗೋಡಿನವರು ತಾನೆ?’ ಎಂದಳು. ‘ಚಂದ್ರಗಿರಿಯ ತೀರದಲ್ಲಿ’ ಕಾಲೇಜಿನ ಲೈಬ್ರರಿಯಲ್ಲಿ ಓದಿದ್ದಾಳಂತೆ. ನಮಗೆ ಗೊತ್ತೇ ಇರಲಿಲ್ಲ.

ಅಷ್ಟು ಸಾಲದು ಎಂಬಂತೆ ‘ಹಸೀನಾ’ದ ಹೆಸರು ತೆಗೆದಳು. ಗಿರೀಶ ಕಾಸರವಳ್ಳಿಯವರ 2004ರ ಚಿತ್ರ. ಮೂಲ, ಬಾನು ಮುಷ್ತಾಕ್ ಅವರ ‘ಕರಿ ನಾಗರಗಳು’ ಕತೆ. ತಾರಾ ಅವರಿಗೆ ಶ್ರೇಷ್ಠ ನಟಿ ರಾಷ್ಟ್ರಪ್ರಶಸ್ತಿ ತಂದುಕೊಟ್ಟ ಪಾತ್ರ. ಬಾನು ಮೇಡಂ ನಮ್ಮ ಹಾಸನದವರೇ. 2025ರ ಮೇಯಲ್ಲಿ ಅವರಿಗೆ ಅಂತಾರಾಷ್ಟ್ರೀಯ ಬೂಕರ್ ಬಂದಾಗ ಇಡೀ ಜಿಲ್ಲೆ ಹಿಗ್ಗಿತು, ನಾವೂ ವಾಟ್ಸ್ಆ್ಯಪ್ ಸ್ಟೇಟಸ್ ಹಾಕಿದೆವು. ‘ಸ್ಟೇಟಸ್ ಹಾಕಿದಿರಿ, ಕತೆ ಓದಿದಿರಾ?’ ಎಂದು ಮಗಳು ಕೇಳಿದಾಗ ಉತ್ತರವಿರಲಿಲ್ಲ. ತೋರಿಸಿದ್ದು ಸುಳ್ಳೆಂದು ನಾವ್ಯಾರೂ ಹೇಳುವುದಿಲ್ಲ. ಅದನ್ನೇ ಮತ್ತೆ ಮತ್ತೆ ತೋರಿಸಿದರೆ ಬೇಸರ, ಅಷ್ಟೆ. ಮಗಳು ಇದನ್ನು ಒಪ್ಪಲಿಲ್ಲ. ಈಗಲೂ ಒಪ್ಪಿಲ್ಲ.

ಉಮ್ಮನಿಗೆ ಈ ಗಲಾಟೆ ಯಾವುದೂ ಬೇಡ. ಅವರಿಗೆ ಸಂಜೆ ಸೀರಿಯಲ್ ಬೇಕು. ಉಮಾಶ್ರೀ ಎಂದರೆ ಅವರ ಪಾಲಿಗೆ ‘ಪುಟ್ಟಕ್ಕನ ಮಕ್ಕಳು’ ಸೀರಿಯಲ್ಲಿನ ಪುಟ್ಟಕ್ಕ, ಮೆಸ್ ನಡೆಸಿ ಮೂರು ಹೆಣ್ಣುಮಕ್ಕಳನ್ನು ಬೆಳೆಸಿದವಳು. ಅದೇ ಉಮಾಶ್ರೀ ಮುಸ್ಲಿಂ ಸೂಲಗಿತ್ತಿಯಾಗಿದ್ದಾರೆ ಎಂದು ಕಾಸರವಳ್ಳಿಯವರದ್ದೇ ‘ಗುಲಾಬಿ ಟಾಕೀಸ್’ ತೋರಿಸಿದೆವು. ಕುಂದಾಪುರ ಕಡೆಯ ಮೀನುಗಾರರ ಊರು, ಕಾರ್ಗಿಲ್ ಯುದ್ಧದ ಹೊತ್ತು. ಗಂಡ ಬಿಟ್ಟುಹೋದ ಗುಲಾಬಿಯ ಮನೆಗೆ ಟಿ.ವಿ. ಬರುತ್ತದೆ, ಹೆಂಗಸರು ಒಬ್ಬೊಬ್ಬರಾಗಿ ನೋಡಲು ಬರುತ್ತಾರೆ. ಕೊನೆಗೆ ಊರಿನ ದ್ವೇಷಕ್ಕೆ ಗುಲಾಬಿ ಮನೆ ಬಿಡಬೇಕಾಗುತ್ತದೆ, ಟಿ.ವಿ. ಅಲ್ಲೇ ಉಳಿಯುತ್ತದೆ. ಉಮ್ಮ ಟಿ.ವಿ. ಆಫ್ ಮಾಡಿ ಎಂದರು. ‘ಅವಳ ಕೈಯಲ್ಲೇ ಹುಟ್ಟಿದ ಮಕ್ಕಳಲ್ಲವಾ ಅವರು?’ ಎಂದು ಮಲಗುವ ತನಕ ಎರಡು ಮೂರು ಸಲ ಕೇಳಿದರು. ನಮ್ಮ ಪ್ರಕಾರ ನಮ್ಮವರ ಬಗ್ಗೆ ಕನ್ನಡದಲ್ಲಿ ಬಂದ ಸಿನಿಮಾಗಳಲ್ಲಿ ಮೊದಲ ಸ್ಥಾನ ಇದಕ್ಕೇ.

ಮಲಯಾಳಂ ಸಿನಿಮಾಗಳ ಸಂಗತಿ ಬೇರೆ. ಮಕ್ಕಳು ಸಬ್‌ಟೈಟಲ್ ಓದುತ್ತಾ ಹಿಂದೆ ಬೀಳುತ್ತಾರೆ. ಉಮ್ಮನಿಗೆ ಓದಲು ಬಾರದು, ಬೇಕಾಗಿಯೂ ಇಲ್ಲ. ಮಲಬಾರಿನ ಮಾತು ನಮ್ಮ ನಕ್ಕ್-ನಿಕ್ಕ್‌ಗೆ ಅಷ್ಟು ಹತ್ತಿರ. ‘ಫೆಮಿನಿಚಿ ಫಾತಿಮಾ’ ನೋಡಿದ ದಿನ ಉಮ್ಮನೇ ನಮಗೆ ಸಬ್‌ಟೈಟಲ್. ಪೊನ್ನಾನಿಯ ಒಬ್ಬ ಗೃಹಿಣಿಗೆ ಒಂದು ಹೊಸ ಹಾಸಿಗೆ ಬೇಕು. ಮಗ ಉಚ್ಚೆ ಹೊಯ್ದು ಹಳೆಯದು ಹಾಳಾಗಿದೆ, ನೆಲದ ಮೇಲೆ ಮಲಗಿ ಬೆನ್ನು ನೋವು. ಗಂಡ ಉಸ್ತಾದ್, ಪ್ರತಿಯೊಂದಕ್ಕೂ ‘ಫಾತಿಮಾ’ ಎಂದು ಕರೆಯುವವನು. ಇಷ್ಟೇ ಕತೆ. ತಲಾಖ್ ಇಲ್ಲ, ಹೊಡೆದಾಟ ಇಲ್ಲ. ಫಾತಿಮಾ ಆದ ಶಂಲಾ ಹಂಝ ಅವರಿಗೆ ಕೇರಳ ರಾಜ್ಯದ ಶ್ರೇಷ್ಠ ನಟಿ ಪ್ರಶಸ್ತಿ ಬಂದಿದೆ. ಆ ಗಂಡನನ್ನು ನೋಡಿ ನಮ್ಮಿಬ್ಬರಲ್ಲಿ ಒಬ್ಬರಿಗೆ ತುಂಬ ನಗು ಬಂತು, ಇನ್ನೊಬ್ಬರಿಗೆ ಅಷ್ಟು ಬರಲಿಲ್ಲ. ಯಾರಿಗೆಂದು ಹೇಳಬೇಕಾಗಿಲ್ಲ. ಮರುದಿನ ನೀರಿನ ಲೋಟವನ್ನು ಅವರೇ ಎದ್ದು ತಂದುಕೊಂಡರು ಎಂಬುದು ಮಾತ್ರ ದಾಖಲಾಗಲಿ.

ಝಕರಿಯಾ ಅವರ ‘ಹಲಾಲ್ ಲವ್ ಸ್ಟೋರಿ’ಯನ್ನೂ ನೋಡಿ. 2020ರಲ್ಲಿ ನೇರ ಅಮೆಝಾನ್ ಪ್ರೈಮಿಗೆ ಬಂದದ್ದು. ದೀನಿನ ಚೌಕಟ್ಟು ಮೀರದೆ ಸಿನಿಮಾ ಮಾಡಬೇಕೆಂದು ಹೊರಟ ಸಂಘಟನೆಯವರ ಪಾಡು. ತೆರೆಯ ಮೇಲೆ ಗಂಡ ಹೆಂಡತಿಯಾಗಲು ನಿಜವಾದ ಗಂಡ ಹೆಂಡತಿಯೇ ಬೇಕು. ಹಾಗೆ ಬಂದ ಸುಹರಾ ನಟನೆಯಲ್ಲಿ ಗಂಡನನ್ನೇ ಮೀರಿಸಿಬಿಡುತ್ತಾಳೆ, ಅವನಿಗೆ ಅದು ಸಹಿಸುವುದಿಲ್ಲ. ಉಸ್ತಾದರನ್ನು ಗೇಲಿ ಮಾಡದೆ, ಯಾರನ್ನೂ ನೋಯಿಸದೆ, ನಮ್ಮವರೇ ನಮ್ಮನ್ನು ನೋಡಿ ನಗುವ ಸಿನಿಮಾ.

ಇದನ್ನು ನೋಡಿದ ವಾರವೇ ಮಗಳು ಬಾಯಿಬಿಟ್ಟಳು. ಅವಳಿಗೆ ಬಿ.ಕಾಂ. ಬೇಡ. ಮೈಸೂರಿನಲ್ಲೋ ಮಂಗಳೂರಿನಲ್ಲೋ ಸಿನಿಮಾ ಎಡಿಟಿಂಗ್ ಕಲಿಯಬೇಕು. ನಾವು ಕೂಡಲೇ ಹೂಂ ಎನ್ನಲಿಲ್ಲ. ಜಮಾಅತಿನಲ್ಲಿ ಏನಂದಾರು, ನಾಳೆ ಸಂಬಂಧ ನೋಡುವಾಗ ಏನು ಹೇಳುವುದು, ಹಾಸ್ಟೆಲಿನ ಖರ್ಚು ಎಷ್ಟು ಎಂದೆಲ್ಲ ಲೆಕ್ಕ ಹಾಕಿದೆವು. ಕುಟುಂಬದ ಹಿರಿಯರೊಬ್ಬರು ಖಡಾಖಂಡಿತ ಬೇಡ ಎಂದರು. ಅವರ ಮಾತನ್ನು ತಳ್ಳಿಹಾಕುವಂತಿಲ್ಲ. ನಮ್ಮ ಬಾಸೆಯ ಎರಡನೆಯ, ಮೂರನೆಯ ಒಳ್ಳೆಯ ಸಿನಿಮಾ ಯಾರು ಮಾಡಬೇಕು ಎಂದು ಅವಳು ಕೇಳುವುದನ್ನೂ ತಳ್ಳಿಹಾಕುವಂತಿಲ್ಲ.

ಈ ನಡುವೆ ನಮ್ಮ ಊರಿನದೇ ಒಂದನ್ನು ನೋಡದಿದ್ದರೆ ತಪ್ಪಾಗುತ್ತದೆಂದು ‘ಭೂತಯ್ಯನ ಮಗ ಅಯ್ಯು’ ಹಾಕಿದೆವು. ಗೊರೂರು ರಾಮಸ್ವಾಮಿ ಅಯ್ಯಂಗಾರರ ಕತೆ, ಸಿದ್ದಲಿಂಗಯ್ಯನವರ ನಿರ್ದೇಶನ, 1974. ಲೋಕನಾಥ್ ಉಪ್ಪಿನಕಾಯಿ ಚಪ್ಪರಿಸುವ ದೃಶ್ಯಕ್ಕೆ ಮಗ ಎರಡು ಸಲ ಹಿಂದಕ್ಕೆ ಹೋದ. 50 ವರ್ಷ ದಾಟಿದ ಸಿನಿಮಾಕ್ಕೆ ಇವತ್ತಿನ ಹುಡುಗ ಬಿದ್ದು ಬಿದ್ದು ನಗುತ್ತಾನೆಂದರೆ ಬೇರೆ ವಿಮರ್ಶೆ ಬೇಕಾ?

ಮಗಳು ಈಗ ಫೋನಿನಲ್ಲಿ ಉಮ್ಮನನ್ನು ಶೂಟ್ ಮಾಡುತ್ತಿದ್ದಾಳೆ. ಅಕ್ಕಿ ರೊಟ್ಟಿ ತಟ್ಟುತ್ತಾ ಉಮ್ಮ ಬ್ಯಾರಿಯಲ್ಲಿ ಮದುವೆಯಾಗಿ ಘಟ್ಟ ಹತ್ತಿದ ದಿನದ ಕತೆ ಹೇಳುತ್ತಾರೆ. ನಿನ್ನೆ ಮಗನನ್ನು ಕರೆದು ಟಾರ್ಚ್ ಹಿಡಿಯಲು ಹೇಳಿದ್ದಳು. ನಡುವೆ ಅವನು ಉಮ್ಮನಿಗೆ ಏನೋ ಬ್ಯಾರಿಯಲ್ಲೇ ಕೇಳಿದ. ತಪ್ಪಾಗಿ ಕೇಳಿದ, ಉಮ್ಮ ತಿದ್ದಿದರು. ಅದೂ ರೆಕಾರ್ಡ್ ಆಗಿದೆಯಂತೆ.

ಪರೀಕ್ಷೆಗೆ ಇನ್ನೂ ದಿನ ಇದೆ, ಅರ್ಜಿಗೂ. ಈ ವಾರ ‘ಸುಡಾನಿ ಫ್ರಮ್ ನೈಜೀರಿಯಾ’ ಎಂದು ತೀರ್ಮಾನವಾಗಿದೆ. ಅದರಲ್ಲಿ ಇಬ್ಬರು ಉಮ್ಮಂದಿರು ಇದ್ದಾರೆಂದು ಕೇಳಿ ನಮ್ಮ ಉಮ್ಮ ಸೀರಿಯಲ್ ಒಂದು ದಿನ ಬಿಡಲು ಒಪ್ಪಿದ್ದಾರೆ.