ಘಾಟಿ ಏರುವಾಗ ಕಿಡಿ ಯಾಕೆ ಸೋಲುತ್ತದೆ?

ಬಣ್ಣಾರಿ ಮಾರಮ್ಮನ ಗುಡಿ ದಾಟಿ ಸ್ವಲ್ಪ ದೂರ ಹೋದರೆ ದಿಂಬಂ ಘಾಟಿ ಶುರು. 27 ಹೇರ್‌ಪಿನ್ ತಿರುವುಗಳನ್ನು ಸುತ್ತಿ ಮೇಲೆ ಬಂದರೆ ದಿಂಬಂ. ಅಲ್ಲಿಂದ ಒಂದು ದಾರಿ ಆಸನೂರಿನ ಮೇಲೆ ಚಾಮರಾಜನಗರಕ್ಕೆ, ಇನ್ನೊಂದು ತಾಳಮಲೆಯ ಕಾಡಿನ ನಡುವೆ ತಾಳವಾಡಿಗೆ. ತಮಿಳುನಾಡಿನ ಈರೋಡ್ ಜಿಲ್ಲೆಗೆ ಸೇರಿದರೂ ಕನ್ನಡ ಮಾತಾಡುವ ಸೀಮೆ ಇದು. ಕೋಸು, ಟೊಮ್ಯಾಟೊ, ಬಾಳೆ ಬೆಳೆಯುವ ರೈತರಿಗೆ ಗಾಡಿಯೇ ಕೈಕಾಲು. ಸುತ್ತಲಿನ ಕಾಡು 2013ರಿಂದ ಸತ್ಯಮಂಗಲ ಹುಲಿ ಸಂರಕ್ಷಿತ ಪ್ರದೇಶ. ಆನೆ ಓಡಾಡುವ ಈ ದಾರಿಯಲ್ಲಿ ಗಾಡಿ ಕೆಟ್ಟು ನಿಂತರೆ ಇಳಿದು ಬಾನೆಟ್ ಎತ್ತುವುದೂ ಅಪಾಯ.

ಹಳೆಯ ಪೆಟ್ರೋಲ್ ಜೀಪು, ಬೈಕು ಇಟ್ಟುಕೊಂಡವರಿಗೆ ಈ ಘಾಟಿಯ ಒಂದು ಕಾಟ ಚೆನ್ನಾಗಿ ಗೊತ್ತು. ಸತ್ಯಮಂಗಲದವರೆಗೂ ಸರಾಗವಾಗಿ ಓಡಿದ ಗಾಡಿ ಏರಿನಲ್ಲಿ ಮಿಸ್ ಹೊಡೆಯುತ್ತದೆ. ಆಕ್ಸಿಲರೇಟರ್ ಒತ್ತಿದಷ್ಟೂ ಮುಗ್ಗರಿಸುತ್ತದೆ. ಮೇಲೆ ತಲುಪಿ ಅರ್ಧ ಗಂಟೆ ತಣ್ಣಗಾದರೆ ಮತ್ತೆ ಸರಿಯಾಗುತ್ತದೆ. ಗ್ಯಾರೇಜಿಗೆ ಒಯ್ದರೆ ಸ್ಪಾರ್ಕ್ ಪ್ಲಗ್ ಬಿಚ್ಚಿ, ಎಂಜಿನ್ ಮೈಗೆ ತಾಗಿಸಿ, ಕಿಕ್ ಹೊಡೆದು ನೋಡುತ್ತಾರೆ. ಕಿಡಿ ಬರುತ್ತದೆ. ಕಾಯಿಲ್ ಚೆನ್ನಾಗಿದೆ, ಕಾರ್ಬ್ಯುರೇಟರ್ ನೋಡೋಣ ಎಂಬ ತೀರ್ಮಾನವಾಗುತ್ತದೆ. ಈ ತೀರ್ಮಾನ ಎಷ್ಟೋ ಸಲ ತಪ್ಪು. ಯಾಕೆ ತಪ್ಪು ಎಂದು ತಿಳಿಯಲು ಇಗ್ನಿಷನ್ ಕಾಯಿಲ್ ಒಳಗೆ ನಡೆಯುವುದನ್ನು ನೋಡಬೇಕು.

ಕಾಯಿಲ್ ಎಂದರೆ ಒಂದೇ ಕಬ್ಬಿಣದ ತಿರುಳಿನ ಸುತ್ತ ಎರಡು ಸುರುಳಿ. ದಪ್ಪ ತಂತಿಯ ಪ್ರೈಮರಿ ಇನ್ನೂರು ಮುನ್ನೂರು ಸುತ್ತು. ಕೂದಲಿನಷ್ಟು ಸಣ್ಣ ತಂತಿಯ ಸೆಕೆಂಡರಿ ಅದರ ಸುಮಾರು ನೂರು ಪಟ್ಟು. ಬ್ಯಾಟರಿಯ 12 ವೋಲ್ಟ್ ನೂರು ಪಟ್ಟಾದರೂ 1,200 ವೋಲ್ಟ್ ಅಷ್ಟೇ. ಎಂಜಿನ್ ಒಳಗೆ ಬೇಕಾದದ್ದು ಹತ್ತಿಪ್ಪತ್ತು ಸಾವಿರ. ಉಳಿದದ್ದು ಎಲ್ಲಿಂದ ಬಂತು?

ಕರೆಂಟನ್ನು ಕಡಿಯುವುದರಿಂದ ಬಂತು. ಎಂಜಿನ್ ತಿರುಗಿದಂತೆ ಕೂಡಿ ಬಿಡುವ ಸ್ವಿಚ್ಚೇ ಪಾಯಿಂಟ್. ಅದು ಕೂಡಿಕೊಂಡಿರುವಾಗ ಪ್ರೈಮರಿಯಲ್ಲಿ ಕರೆಂಟ್ ಹರಿದು ತಿರುಳಿನ ಸುತ್ತ ಕಾಂತಕ್ಷೇತ್ರ ಕಟ್ಟಿಕೊಳ್ಳುತ್ತದೆ. ಆಗ ಕಿಡಿ ಇಲ್ಲ. ಪಾಯಿಂಟ್ ಬಿಟ್ಟುಕೊಂಡ ಕ್ಷಣದಲ್ಲಿ ಕರೆಂಟ್ ನಿಂತು, ಆ ಕ್ಷೇತ್ರ ಕುಸಿಯುತ್ತದೆ. ತೋಟದ ಪಂಪ್ ಓಡುವಾಗ ಗೇಟ್ ವಾಲ್ವ್ ಥಟ್ಟನೆ ಮುಚ್ಚಿದರೆ ಪೈಪು ಧಡ್ ಎಂದು ಅದುರುತ್ತದಲ್ಲ, ಹಾಗೆ ಹರಿವನ್ನು ತಡೆದಾಗ ಒತ್ತಡ ಏರುತ್ತದೆ. ಪ್ರೈಮರಿಯಲ್ಲೇ ಇನ್ನೂರೈವತ್ತು ಮುನ್ನೂರು ವೋಲ್ಟ್ ಹುಟ್ಟುತ್ತದೆ. ಅದರ ನೂರು ಪಟ್ಟು ಸೆಕೆಂಡರಿಯಲ್ಲಿ. ಬದಲಾಗುವ ಕಾಂತಕ್ಷೇತ್ರ ವಿದ್ಯುತ್ತನ್ನು ಹುಟ್ಟಿಸುತ್ತದೆ ಎಂದು ಮೈಕೆಲ್ ಫ್ಯಾರಡೆ 1831ರಲ್ಲಿ ತೋರಿಸಿದ. ಆ ತತ್ವವನ್ನು ಬ್ಯಾಟರಿ, ಕಾಯಿಲ್, ಪಾಯಿಂಟ್ ಎಂಬ ಈ ರೂಪದಲ್ಲಿ ಕಾರಿಗೆ ತಂದವನು ಅಮೆರಿಕದ ಚಾರ್ಲ್ಸ್ ಕೆಟರಿಂಗ್. 1910ರ ಕ್ಯಾಡಿಲಾಕ್ ಕಾರಿನಲ್ಲಿ ಬಂದ ಆ ವ್ಯವಸ್ಥೆಯೇ ಮುಂದೆ ನಮ್ಮ ಅಂಬಾಸಿಡರ್, ಪದ್ಮಿನಿಗಳಲ್ಲಿ, ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯ ಬೈಕುಗಳಲ್ಲಿ ಓಡಿತು.

ಪಾಯಿಂಟ್ ಪಕ್ಕದ ಪುಟ್ಟ ಕಂಡೆನ್ಸರನ್ನು ಬಹಳ ಜನ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಅದರ ಕೆಲಸ ದೊಡ್ಡದು. ಪಾಯಿಂಟ್ ಬಿಡುವಾಗ ಅದರ ಸಂದಿನಲ್ಲೇ ಕರೆಂಟ್ ಕಿಡಿಯಾಗಿ ಹಾರಲು ನೋಡುತ್ತದೆ. ಹಾರಿದರೆ ಕರೆಂಟ್ ಥಟ್ಟನೆ ನಿಲ್ಲದೆ ಎಳೆದಾಡುತ್ತದೆ, ಪ್ಲಗ್ಗಿಗೆ ಬಲ ಸಾಲದು, ಪಾಯಿಂಟೂ ಸುಡುತ್ತದೆ. ಕಂಡೆನ್ಸರ್ ಆ ಕ್ಷಣದ ಕರೆಂಟನ್ನು ತನ್ನೊಳಗೆ ಎಳೆದುಕೊಂಡು ಕಡಿತವನ್ನು ಚುರುಕಾಗಿಸುತ್ತದೆ. ಪಾಯಿಂಟ್ ಮತ್ತೆ ಮತ್ತೆ ಕಪ್ಪಾಗುತ್ತಿದ್ದರೆ ಉಜ್ಜುಕಾಗದ ಹಿಡಿಯುವ ಮುಂಚೆ ಕಂಡೆನ್ಸರ್ ಬದಲಿಸಿ ನೋಡುವುದು ಒಳ್ಳೆಯದು.

ಈಗ ಘಾಟಿಗೆ ಬರೋಣ. ಮೇಲೆ ಗಾಳಿ ತೆಳು, ಅದಕ್ಕೇ ಕಿಡಿ ಹಾರುವುದಿಲ್ಲ ಎನ್ನುವವರಿದ್ದಾರೆ. ವಾಸ್ತವ ಇದಕ್ಕೆ ತಿರುಗುಮುರುಗು. ಗಾಳಿ ತೆಳುವಾದಷ್ಟೂ ಕಿಡಿ ಸುಲಭವಾಗಿ ಹಾರುತ್ತದೆ, ದಟ್ಟವಾದಷ್ಟೂ ಕಷ್ಟ. ಪ್ಲಗ್ಗಿನ 0.7 ಮಿ.ಮೀ. ಸಂದಿನಲ್ಲಿ ಹೊರಗಿನ ಗಾಳಿಯಲ್ಲಾದರೆ ಸುಮಾರು 3 ಸಾವಿರ ವೋಲ್ಟ್ ಸಾಕು. ಸಿಲಿಂಡರ್ ಒಳಗೆ ಅದೇ ಗಾಳಿ ಹಲವು ಪಟ್ಟು ಒತ್ತಿಕೊಂಡಿರುತ್ತದೆ. ಸಮತಟ್ಟಿನಲ್ಲಿ ಆಕ್ಸಿಲರೇಟರ್ ಅರೆಬರೆ ತೆರೆದಿದ್ದಾಗ ಒಳಗೆ ಬರುವ ಗಾಳಿ ಕಡಿಮೆ, ಒತ್ತಡ ಕಡಿಮೆ. ಏರಿನಲ್ಲಿ ಪೂರ್ತಿ ತೆರೆದಾಗ ಸಿಲಿಂಡರ್ ತುಂಬಿ, ಕಿಡಿಗೆ ಬೇಕಾದ ವೋಲ್ಟೇಜ್ ಬಹಳ ಮೇಲೇರುತ್ತದೆ. ಪ್ಲಗ್ಗನ್ನು ಹೊರಗೆ ಬಿಚ್ಚಿ ನೋಡುವ ಪರೀಕ್ಷೆ ಯಾಕೆ ಮೋಸ ಮಾಡುತ್ತದೆ ಎಂಬುದು ಇದರಲ್ಲಿದೆ: 4 ಸಾವಿರ ವೋಲ್ಟಿಗೆ ಸುಸ್ತಾಗುವ ಕಾಯಿಲ್ ಕೂಡ ಆ ಪರೀಕ್ಷೆಯಲ್ಲಿ ಪಾಸಾಗುತ್ತದೆ.

ಎರಡನೆಯ ಕಾರಣ ಬಿಸಿ. ಒಂದು ಲೆಕ್ಕ ಮಾಡೋಣ. ತಣ್ಣಗಿರುವಾಗ ಪ್ರೈಮರಿಯ ರೋಧ 3 ಓಮ್ ಇರಲಿ. 12 ವೋಲ್ಟಿಗೆ 4 ಆಂಪಿಯರ್ ಹರಿಯುತ್ತದೆ. ತಾಮ್ರದ ರೋಧ ಪ್ರತಿ ಡಿಗ್ರಿಗೆ ಶೇ. 0.39ರಷ್ಟು ಏರುತ್ತದೆ. ಕಾಯಿಲ್ 70 ಡಿಗ್ರಿ ಹೆಚ್ಚು ಕಾದರೆ ರೋಧ 3.8 ಓಮ್, ಕರೆಂಟ್ 3.2 ಆಂಪಿಯರ್. ಇಳಿದದ್ದು ಅಷ್ಟೇ ತಾನೆ ಅನ್ನಿಸಬಹುದು. ಆದರೆ ಕಾಂತಕ್ಷೇತ್ರದಲ್ಲಿ ಕೂಡಿಡುವ ಶಕ್ತಿ ಕರೆಂಟಿನ ವರ್ಗಕ್ಕೆ ತಕ್ಕಂತೆ ಇರುತ್ತದೆ. ಹಾಗಾಗಿ ಕಿಡಿಯ ಬಲದಲ್ಲಿ ಮೂರನೇ ಒಂದು ಪಾಲಿಗಿಂತ ಹೆಚ್ಚು ಹೋಯಿತು. ಬೇಡಿಕೆ ಏರಿದ ಹೊತ್ತಿಗೇ ಪೂರೈಕೆ ಕುಸಿಯಿತು. ಇದರ ಜೊತೆಗೆ ಒಳಗಿನ ಸಣ್ಣ ತಂತಿಯ ವಾರ್ನಿಷ್ ಎಲ್ಲಾದರೂ ಸೀಳಿದ್ದರೆ, ವೋಲ್ಟೇಜ್ ಏರಿದಾಗ ಕಿಡಿ ಪ್ಲಗ್ಗಿಗೆ ಹೋಗುವ ಬದಲು ಕಾಯಿಲ್ ಒಳಗೇ ಹಾರಿಬಿಡುತ್ತದೆ. ಮಲ್ಟಿಮೀಟರ್ ಹಿಡಿದರೆ ಓಮ್ ಸರಿಯಾಗೇ ತೋರುತ್ತದೆ, ಯಾಕೆಂದರೆ ಓಮ್ ಅಳೆಯಲು ಮೀಟರ್ ಕೊಡುವುದು ಕೆಲವೇ ವೋಲ್ಟ್. ಸಾವಿರಾರು ವೋಲ್ಟಿಗೆ ಬಾಯಿಬಿಡುವ ಬಿರುಕು ಅದಕ್ಕೆ ಕಾಣುವುದಿಲ್ಲ.

ಆದ್ದರಿಂದ ಕಾಯಿಲನ್ನು ಬಿಸಿಯಾಗಿರುವಾಗ, ದೊಡ್ಡ ಸಂದು ಇಟ್ಟು ಪರೀಕ್ಷಿಸಬೇಕು. ಆರೇಳು ಮಿ.ಮೀ. ಸಂದು ಇರುವ ಸ್ಪಾರ್ಕ್ ಟೆಸ್ಟರ್ ಸಿಗುತ್ತದೆ, ದುಬಾರಿ ವಸ್ತುವಲ್ಲ. ಅದರಲ್ಲಿ ನೀಲಿ ಕಿಡಿ ಚಟಚಟನೆ ಹಾರಿದರೆ ಕಾಯಿಲನ್ನು ನಂಬಬಹುದು. ಪೆಟ್ರೋಲ್ ಆವಿ ಇರುವಲ್ಲಿ ಇದನ್ನು ಮಾಡಬಾರದು. ಹೃದಯಕ್ಕೆ ಪೇಸ್‌ಮೇಕರ್ ಹಾಕಿಸಿಕೊಂಡವರು ಹತ್ತಿರವೂ ನಿಲ್ಲಬಾರದು.

ವೈರಿಂಗ್ ವಿಷಯ ಕಡಿಮೆ ಮಾತಿನದು, ಆದರೆ ತಪ್ಪು ಆಗುವುದು ಇಲ್ಲೇ. ಪಾಯಿಂಟ್ ಗಾಡಿಯ ಕಾಯಿಲ್ ಮೇಲೆ 15 ಅಥವಾ ಪ್ಲಸ್ ಗುರುತಿನ ಕಡ್ಡಿಗೆ ಕೀ ಸ್ವಿಚ್ಚಿನ ವೈರು. 1 ಅಥವಾ ಮೈನಸ್ ಗುರುತಿಗೆ ಪಾಯಿಂಟ್‌ನಿಂದ ಬರುವ ವೈರು. ನಡುವಿನ 4ಕ್ಕೆ ಪ್ಲಗ್ ಕಡೆಯ ದಪ್ಪ ವೈರು. ಮೊದಲೆರಡು ಅದಲುಬದಲಾದರೂ ಗಾಡಿ ಸ್ಟಾರ್ಟ್ ಆಗುತ್ತದೆ. ಅದಕ್ಕೇ ಯಾರಿಗೂ ಗೊತ್ತಾಗುವುದಿಲ್ಲ. ಆದರೆ ಪ್ಲಗ್ಗಿನ ಬಿಸಿಯಾದ ನಡುಕಡ್ಡಿಯಿಂದ ಎಲೆಕ್ಟ್ರಾನ್‌ಗಳು ಸುಲಭವಾಗಿ ಹೊರಡುತ್ತವೆ, ಹಾಗಾಗಿ ಅದು ಮೈನಸ್ ಆಗಿರಬೇಕು. ತಿರುವುಮುರುವಾದರೆ ಅದೇ ಕಿಡಿಗೆ ಹೆಚ್ಚು ವೋಲ್ಟೇಜ್ ಬೇಕು. ಸಮತಟ್ಟಿನಲ್ಲಿ ಈ ವ್ಯತ್ಯಾಸ ತಿಳಿಯದು, ದಿಂಬಂ ತಿರುವಿನಲ್ಲಿ ತಿಳಿಯುತ್ತದೆ.

ಇನ್ನೊಂದು ತಪ್ಪು, ಸಿಕ್ಕಿದ ಕಾಯಿಲ್ ಹಾಕುವುದು. ಕೆಲವು ಕಾಯಿಲ್‌ಗಳು 1.5 ಓಮಿನವು, ದಾರಿಯಲ್ಲಿ ಬೇರೆ ಬ್ಯಾಲಸ್ಟ್ ರೆಸಿಸ್ಟರ್ ಇರಬೇಕು. ಅದಿಲ್ಲದೆ ಜೋಡಿಸಿದರೆ 8 ಆಂಪಿಯರ್ ಹರಿದು ಪಾಯಿಂಟೂ ಕಾಯಿಲೂ ಸುಡುತ್ತವೆ. 6 ವೋಲ್ಟಿನ ಹಳೆಯ ಜಾವಾ, ಯೆಜ್ಡಿಗೆ 12 ವೋಲ್ಟಿನ ಕಾಯಿಲ್ ಹಾಕಿದರೆ ಕರೆಂಟ್ ಅರ್ಧ, ಶಕ್ತಿ ಕಾಲು ಭಾಗ. ಹೊಸೂರಿನಲ್ಲಿ ತಯಾರಾಗುವ ಟಿವಿಎಸ್ ಎಕ್ಸ್‌ಎಲ್ ತರಕಾರಿ ಮೂಟೆ ಹೊತ್ತು ಈ ಊರುಗಳಲ್ಲೆಲ್ಲ ಓಡುತ್ತದೆ. ಎಕ್ಸ್‌ಎಲ್ ಸೂಪರ್‌ನಂಥ ಮಾದರಿಗಳಲ್ಲಿರುವುದು ಸಿಡಿಐ. ಅಲ್ಲಿ ಒಂದು ಕೆಪಾಸಿಟರ್ ಇನ್ನೂರು ಮುನ್ನೂರು ವೋಲ್ಟ್ ತುಂಬಿಕೊಂಡು ಕಾಯಿಲ್‌ಗೆ ಒಮ್ಮೆಲೇ ಸುರಿಯುತ್ತದೆ. ಕರೆಂಟ್ ಕಡಿದಾಗಲ್ಲ, ಸುರಿದಾಗ ಕಿಡಿ. ಅದರ ಕಾಯಿಲ್‌ನ ಪ್ರೈಮರಿ ಸಾಮಾನ್ಯವಾಗಿ ಒಂದು ಓಮಿಗಿಂತ ಕಡಿಮೆ. ಅದನ್ನು ಪಾಯಿಂಟ್ ಗಾಡಿಗೆ ಹಾಕಿದರೆ ಪಾಯಿಂಟ್ ಉಳಿಯುವುದಿಲ್ಲ.

2020ರ ಏಪ್ರಿಲ್‌ನಿಂದ ಮಾರಾಟವಾಗುತ್ತಿರುವ ಬಿಎಸ್ 6 ಗಾಡಿಗಳಲ್ಲಿ ಕಾಯಿಲ್‌ಗೆ ಎಷ್ಟು ಹೊತ್ತು ಕರೆಂಟ್ ಕೊಡಬೇಕು, ಯಾವಾಗ ಕಡಿಯಬೇಕು ಎಂದು ನಿರ್ಧರಿಸುವುದು ಸಾಮಾನ್ಯವಾಗಿ ಇಸಿಯು ಎಂಬ ಎಲೆಕ್ಟ್ರಾನಿಕ್ ನಿಯಂತ್ರಣ ಪೆಟ್ಟಿಗೆ. ಎಂಜಿನ್ ಓಡುವಾಗ ಪ್ಲಗ್ ಕ್ಯಾಪ್ ಕಿತ್ತು ನೋಡುವ ಹಳೆಯ ಅಭ್ಯಾಸ ಇವುಗಳಿಗೆ ಸಲ್ಲದು. ಹಾರಲು ಜಾಗ ಸಿಗದ ವೋಲ್ಟೇಜ್ ಕಾಯಿಲ್‌ನ ಹೊದಿಕೆಯನ್ನೇ ಸೀಳಬಹುದು, ಇಸಿಯು ಕೂಡ ಹಾಳಾಗಬಹುದು. ಘಾಟಿಯಲ್ಲಿ ಮಿಸ್ ಹೊಡೆದ ಹೊಸ ಗಾಡಿಯನ್ನು ಗ್ಯಾರೇಜಿಗೆ ಒಯ್ದಾಗ ಯಾವ ಗೇರಿನಲ್ಲಿ, ಎಷ್ಟು ಲೋಡಿನಲ್ಲಿ, ಎಷ್ಟು ಹೊತ್ತು ಓಡಿದ ಮೇಲೆ ಹಾಗಾಯಿತು ಎಂದು ಮೆಕ್ಯಾನಿಕ್‌ಗೆ ಹೇಳಿ, ಅದೇ ಸ್ಥಿತಿಯಲ್ಲಿ ಓಡಿಸಿ ನೋಡುವಂತೆ ಕೇಳಿ.