ದಿಗ್ವಿಜಯ ಮತ್ತು ದಿಗ್ವ್ರತ

ಹುಬ್ಬಳ್ಳಿಯಿಂದ ಗದಗಿಗೆ ಸಾಗುವ ದಾರಿಯಲ್ಲಿ, ವಿಸ್ತಾರವಾದ ಎರೆಭೂಮಿಯ ನಡುವೆ ಅಣ್ಣಿಗೇರಿ ನೆಲೆಗೊಂಡಿದೆ. ಒಂದು ಕಾಲಕ್ಕೆ ಬೆಳ್ವೊಲ-300ರ ಮುಖ್ಯ ಪಟ್ಟಣವಾಗಿದ್ದ ಈ ಊರಿನಲ್ಲಿ ಇಂದು ರಾಜವೈಭವವಿಲ್ಲ. ಅಮೃತೇಶ್ವರ ದೇವಾಲಯ, ಪಾರ್ಶ್ವನಾಥ ಬಸದಿ, ಮಳೆ-ಬೆಳೆಯ ಮಾತು, ಸಂಜೆಯ ಮೌನ, ಇವೇ ಅದರ ಬಾಳು. ಇಂತಹ ಊರಿನಲ್ಲಿ ಉಳಿದವರನ್ನು ಲೋಕವು ಹಿಂದೆ ಬಿದ್ದವರೆಂದು ಎಣಿಸುತ್ತದೆ. ಉಳಿದವರ ಮನದಲ್ಲೂ ಆ ಕೊರಗು ಆಗಾಗ ತಲೆಯೆತ್ತುವುದುಂಟು.

ಜೈನ ಶ್ರಾವಕಾಚಾರವು ಈ ಕೊರಗಿಗೆ ಬೇರೊಂದು ದೃಷ್ಟಿಯನ್ನು ನೀಡುತ್ತದೆ. ಗೃಹಸ್ಥನು ಪಾಲಿಸಬೇಕಾದ ಹನ್ನೆರಡು ವ್ರತಗಳಲ್ಲಿ ದಿಗ್ವ್ರತವೂ ಒಂದು. ನದಿ, ಪರ್ವತ, ನಾಡುಗಳನ್ನು ಗಡಿಯಾಗಿಸಿಕೊಂಡು, ಅದರಾಚೆಗೆ ಹೋಗೆನೆಂದು ಬಾಳಿನುದ್ದಕ್ಕೂ ನಿಯಮ ತಾಳುವುದೇ ಆ ವ್ರತ. ಆ ಗಡಿಯೊಳಗೇ ನಿರ್ದಿಷ್ಟ ಕಾಲದವರೆಗೆ ಊರು, ಕೇರಿ ಅಥವಾ ಮನೆಗೆ ಸಂಚಾರವನ್ನು ಮಿತಗೊಳಿಸುವುದು ದೇಶವ್ರತ. ಓಡಾಟ ಹೆಚ್ಚಿದಷ್ಟೂ ಲೋಭಕ್ಕೆ, ಹಿಂಸೆಗೆ ಅವಕಾಶ ಹೆಚ್ಚು. ಎಲ್ಲೆಯ ಆಚೆಗಿನ ಜೀವಿಗಳಿಗೆ ವ್ರತಿಯಿಂದ ಅಭಯ ದೊರೆಯುತ್ತದೆ.

ಅಣ್ಣಿಗೇರಿಯ ಇತಿಹಾಸವು ಈ ತತ್ತ್ವಕ್ಕೆ ಸಾಕ್ಷಿ ನುಡಿಯುತ್ತದೆ. ಬಾದಾಮಿ ಚಾಲುಕ್ಯರ ಎರಡನೆಯ ಕೀರ್ತಿವರ್ಮನ ಕಾಲದಲ್ಲಿ, ಸುಮಾರು ಕ್ರಿ.ಶ. 751ರಲ್ಲಿ, ಇಲ್ಲಿ ಜಿನಾಲಯವನ್ನು ಕಟ್ಟಿಸಿದವನು ಚಕ್ರವರ್ತಿಯಲ್ಲ. ಕಲಿಯಮ್ಮನೆಂಬ ಗಾಮುಂಡ, ಅಂದರೆ ಊರಗೌಡ. ಮುಂದೆ ಗಂಗರ ಬೂತುಗನೂ ಇಲ್ಲಿ ಬಸದಿಯನ್ನು ಕಟ್ಟಿಸಿದನು. ಹನ್ನೊಂದನೆಯ ಶತಮಾನದಲ್ಲಿ ದಂಡೆತ್ತಿ ಬಂದ ಚೋಳರಾಜನು ಬೆಳ್ವೊಲದ ಬಸದಿಗಳನ್ನು ಸುಟ್ಟನೆಂದೂ, ಬೆಳ್ವೊಲವನ್ನು ಆಳುತ್ತಿದ್ದ ಲಕ್ಷ್ಮರಸನು ಅಣ್ಣಿಗೇರಿಯ ಬಸದಿಯನ್ನು ಜೀರ್ಣೋದ್ಧಾರ ಮಾಡಿಸಿದನೆಂದೂ 1071ರ ಗಾವರವಾಡದ ಶಾಸನ ತಿಳಿಸುತ್ತದೆ. ದಿಕ್ಕುಗಳನ್ನು ಗೆಲ್ಲಲು ಹೊರಟವನು ಸುಟ್ಟು ಹೋದುದನ್ನು, ನೆಲದೊಡನೆ ಬಾಳಿದವರು ಮತ್ತೆ ಕಟ್ಟಿದರು.

ಆದಿಕವಿ ಪಂಪನ ತಾಯಿ ಅಬ್ಬಣಬ್ಬೆಯ ತವರು ಇದೇ ಅಣ್ಣಿಗೇರಿ. ಪಂಪನ ‘ಆದಿಪುರಾಣ’ದಲ್ಲಿ ಭರತ ಚಕ್ರವರ್ತಿಯು ಷಟ್ಖಂಡಗಳನ್ನು ಗೆದ್ದು, ತನ್ನ ಕೀರ್ತಿಯನ್ನು ಕೆತ್ತಿಸಲು ವೃಷಭಾಚಲಕ್ಕೆ ಬರುತ್ತಾನೆ. ಅಲ್ಲಿ ಹಿಂದಿನ ಚಕ್ರವರ್ತಿಗಳ ಹೆಸರುಗಳೇ ತುಂಬಿ, ಒಂದು ಸಾಲಿಗೂ ಎಡೆಯಿಲ್ಲ. ಅವನ ಗರ್ವ ಕರಗುತ್ತದೆ. ಇನ್ನೊಬ್ಬನ ಹೆಸರನ್ನು ಅಳಿಸಿಯೇ ತನ್ನದನ್ನು ಬರೆಯಿಸಬೇಕಾಗುತ್ತದೆ. ದಿಗ್ವಿಜಯದ ಕೊನೆಯ ಲಾಭ ಇಷ್ಟೇ.

ಆದರೆ ಚಿಕ್ಕ ಊರಿನಲ್ಲಿ ಇದ್ದ ಮಾತ್ರಕ್ಕೆ ಯಾರೂ ವ್ರತಿಗಳಾಗುವುದಿಲ್ಲ. ಅನಿವಾರ್ಯದಿಂದ ಉಳಿದು, ಮನಸ್ಸಿನಲ್ಲಿ ಹಗಲಿರುಳೂ ಪರರ ಸಿರಿಯನ್ನೇ ಎಣಿಸುವವನಿಗೆ ಊರು ಸೆರೆಮನೆ. ತಿಳಿದು, ಒಪ್ಪಿ ಹಾಕಿಕೊಂಡ ಎಲ್ಲೆ ಮಾತ್ರ ವ್ರತ. ದುಡಿಮೆಗಾಗಿ ಮಹಾನಗರ ಸೇರಿದವನೂ ಒಂದು ದಿನದ ಮಟ್ಟಿಗೆ ತನ್ನ ಮನೆಯನ್ನೇ ಎಲ್ಲೆಯಾಗಿಸಿಕೊಂಡು ದೇಶವ್ರತವನ್ನು ಪಾಲಿಸಬಹುದು. ಸಾಮಾಯಿಕಕ್ಕೆ ಬೇಕಾದುದು ಎರಡು ಘಳಿಗೆ, ಅಂದರೆ 48 ನಿಮಿಷ. ಅಣ್ಣಿಗೇರಿಯಂತಹ ಊರಿನವರಿಗೆ ಅದಕ್ಕೆ ತಕ್ಕ ಮೌನವು ಬೇಡದೆಯೇ ದೊರೆತಿದೆ. ಅದನ್ನು ಕೊರಗಿನಲ್ಲಿ ಕಳೆಯದೆ ಸಾಧನೆಗೆ ಬಳಸುವುದು ಅವರಿಗೇ ಸೇರಿದ್ದು.