4,29,49,67,297: ಅವಿಭಾಜ್ಯವೆಂದು ನಂಬಿಸಿದ ಸಂಖ್ಯೆ

ಐದು ಸಲ ಸರಿಬಂದ ಸೂತ್ರ ಆರನೇ ಸಲವೂ ಸರಿಬರುತ್ತದೆ ಎಂಬ ನಂಬಿಕೆ ಗಣಿತ ಓದಿದವರಲ್ಲೂ ಬಲವಾಗಿದೆ. ಅದನ್ನು ಕೆಡವಲು 429 ಕೋಟಿ 49 ಲಕ್ಷ 67 ಸಾವಿರದ 297 ಎಂಬ ಒಂದು ಸಂಖ್ಯೆ ಸಾಕು.

2ರಿಂದ ಶುರುಮಾಡಿ, ಬಂದದ್ದನ್ನು ಮತ್ತೆ ಮತ್ತೆ ವರ್ಗ ಮಾಡಿ, ಪ್ರತಿ ಹಂತದಲ್ಲೂ 1 ಕೂಡಿಸಿ ನೋಡಿ: 3, 5, 17, 257, 65,537. ಐದೂ ಅವಿಭಾಜ್ಯಗಳು. ಆರನೆಯದು, 2ರ 32ನೇ ಘಾತಕ್ಕೆ 1 ಸೇರಿದ ನಮ್ಮ ಸಂಖ್ಯೆ. ಈ ಸಾಲಿನವೆಲ್ಲ ಅವಿಭಾಜ್ಯ ಎಂದು 1640ರಲ್ಲಿ ಫ್ರಾನ್ಸಿನ ಪಿಯರ್ ದ ಫರ್ಮಾ ನಂಬಿದ. ಅದನ್ನು ಆಗಲೇ ಆತ ಸಾಧಿಸಿಯೂ ಇದ್ದ ಎಂದು ಕೆಲವರು ಹೇಳುವುದು ತಪ್ಪು. ಸಾಧನೆ ಕೈಗೆ ಸಿಕ್ಕಿಲ್ಲವೆಂದು ಆ ಕಾಲದ ಪತ್ರಗಳಲ್ಲಿ ಅವನೇ ಬರೆದಿದ್ದಾನೆ. ಆ ಪ್ರಾಮಾಣಿಕತೆಯನ್ನು ನಾವು ಮರೆಯಬಾರದು. 1729ರಲ್ಲಿ ಗಣಿತಜ್ಞ ಗೋಲ್ಡ್‌ಬಾಖ್ ಈ ವಿಷಯವನ್ನು ಇನ್ನೊಬ್ಬ ಗಣಿತಜ್ಞ ಆಯ್ಲರ್‌ನ ಕಿವಿಗೆ ಹಾಕಿದ. 1732ರಲ್ಲಿ ಆಯ್ಲರ್‌ನಿಂದ ಉತ್ತರ ಬಂತು: 641 × 67,00,417.

ಕಂಪ್ಯೂಟರ್ ಇಲ್ಲದ ಕಾಲದಲ್ಲಿ ಇದಕ್ಕೆ ಸಾವಿರಾರು ಭಾಗಾಕಾರ ಬೇಕಾಗಿರಬೇಕು ಎಂಬುದು ಇನ್ನೊಂದು ತಪ್ಪು ಕಲ್ಪನೆ. ವರ್ಗಮೂಲದವರೆಗೆ, ಅಂದರೆ 65,536ರ ತನಕ, 6,542 ಅವಿಭಾಜ್ಯಗಳಿರುವುದು ನಿಜ. ಆದರೆ 64ರಿಂದ ಭಾಗಿಸಿದಾಗ 1 ಶೇಷ ಉಳಿಯುವ ಅವಿಭಾಜ್ಯಗಳಷ್ಟೇ ಈ ಸಂಖ್ಯೆಯನ್ನು ಭಾಗಿಸಬಲ್ಲವು ಎಂದು ಆಯ್ಲರ್ ತೋರಿಸಿಕೊಟ್ಟ. ಅಂಥವುಗಳಲ್ಲಿ ಮೊದಲ ಐದು 193, 257, 449, 577, 641. ಐದನೇ ಭಾಗಾಕಾರಕ್ಕೇ ಸಂಖ್ಯೆ ಒಡೆಯುತ್ತದೆ!

641 ಭಾಗಿಸುತ್ತದೆ ಎಂದು ಖಚಿತಪಡಿಸಿಕೊಳ್ಳಲು ದೊಡ್ಡ ಲೆಕ್ಕವೂ ಬೇಡ. 641 ಎಂದರೆ 5 × 128 + 1. ಹಾಗಾಗಿ 641ರಿಂದ ಭಾಗಿಸಿದ ಶೇಷದ ಲೆಕ್ಕದಲ್ಲಿ 5 × 128ರ ಬೆಲೆ −1. ಅದರ ನಾಲ್ಕನೇ ಘಾತ, ಅಂದರೆ 625 × (2ರ 28ನೇ ಘಾತ), 1 ಆಗುತ್ತದೆ. ಇತ್ತ 641 = 625 + 16 ಕೂಡ ಹೌದು; ಆದ್ದರಿಂದ 625ರ ಜಾಗದಲ್ಲಿ −16 ಇಡಬಹುದು. 16 ಎಂದರೆ 2ರ 4ನೇ ಘಾತ. ಇವೆರಡನ್ನೂ ಜೋಡಿಸಿದರೆ, 2ರ 32ನೇ ಘಾತ −1ಕ್ಕೆ ಸಮ. ಅದಕ್ಕೆ 1 ಸೇರಿಸಿದರೆ ಶೇಷ ಸೊನ್ನೆ. ಎರಡೇ ಸಾಲಿನ ಈ ಸಾಧನೆಯನ್ನು ಹೈಸ್ಕೂಲಿನಲ್ಲೇ ಹೇಳಿಕೊಡಬೇಕು ಎಂಬುದು ನನ್ನ ಆಸೆ.

ಒಡೆದುಹೋದ ಸಂಖ್ಯೆಗೆ ಬೆಲೆಯಿಲ್ಲ ಎಂದುಕೊಳ್ಳುವುದೂ ಸರಿಯಲ್ಲ. 1796ರಲ್ಲಿ ಗಣಿತಜ್ಞ ಗೌಸ್ 17 ಬಾಹುಗಳ ಸಮಬಹುಭುಜವನ್ನು ಅಳತೆಪಟ್ಟಿ, ಕೈವಾರಗಳಿಂದಲೇ ರಚಿಸಬಹುದೆಂದು ಸಾಧಿಸಿದ ಮೇಲೆ ಈ ಸಾಲು ಜ್ಯಾಮಿತಿಗೂ ಬೇಕಾಯಿತು. ಸಾಲಿನ ಮೊದಲ ಐದು ಅವಿಭಾಜ್ಯಗಳನ್ನು ಗುಣಿಸಿದರೆ 4,29,49,67,295 ಬರುತ್ತದೆ, ನಮ್ಮ ಸಂಖ್ಯೆಗಿಂತ ಬರೀ ಎರಡು ಕಡಿಮೆ. ಹಾಗೆ ರಚಿಸಬಹುದೆಂದು ಗೊತ್ತಿರುವ ಬೆಸಬಾಹುಗಳ ಸಮಬಹುಭುಜಗಳಲ್ಲಿ ಅತಿ ದೊಡ್ಡದಕ್ಕೆ ಅಷ್ಟು ಬಾಹುಗಳು.

ಈಗ ನಂಬಿಕೆ ತಿರುವುಮುರುವಾಗಿದೆ. ನಮ್ಮ ಸಂಖ್ಯೆಯಿಂದ ಆಚೆ, 33ನೆಯದರವರೆಗೂ, ಪ್ರತಿಯೊಂದೂ ಭಾಜ್ಯವೆಂದು ಸಿದ್ಧವಾಗಿರುವುದರಿಂದ ಈ ಸಾಲಿನಲ್ಲಿ ಇನ್ನು ಅವಿಭಾಜ್ಯವೇ ಇಲ್ಲ ಎಂದು ಹಲವರು ಹೇಳಿಬಿಡುತ್ತಾರೆ. ಅದನ್ನೂ ಇಂದಿನವರೆಗೆ ಯಾರೂ ಸಾಧಿಸಿಲ್ಲ.